ಅತ್ತೆಗೆ ಬರೀ ಸಾರು ಬಡಿಸಿದವಳ ಪತ್ರ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಆರೋಗ್ಯ ಪುಟದಲ್ಲಿ ವಯಸ್ಸಾದವರ ಸ್ನಾಯುಗಳಿಗೆ ಮೀನು ಒಳ್ಳೆಯದು ಅಂತ ಒಂದು ಸಣ್ಣ ಲೇಖನ ಬಂದಿತ್ತು. ವಿಷಯ ಸರಿಯೇ. ಆದರೆ ಅದರ ಪಕ್ಕದ ಫೋಟೋ ನೋಡಿ ನಗು ಬಂತು. ಬಿಳಿ ತಟ್ಟೆ, ಅದರಲ್ಲಿ ಕಿತ್ತಳೆ ಬಣ್ಣದ ಸಾಲ್ಮನ್ ತುಂಡು, ಮೇಲೊಂದು ನಿಂಬೆ ಹೋಳು, ಬದಿಯಲ್ಲಿ ಯಾವುದೋ ಸೊಪ್ಪು. ಕುಂದಾಪುರದ ಕಡೆ ಇರುವ ನಾವು ಸಾಲ್ಮನ್ ಎಲ್ಲಿ ಹುಡುಕಿಕೊಂಡು ಹೋಗೋಣ ಹೇಳಿ? ದೊಡ್ಡ ಹೋಟೆಲಿನಲ್ಲಿ ‘ಇಂಡಿಯನ್ ಸಾಲ್ಮನ್’ ಅಂತ ಕೊಡುವುದು ರಾವಸ್ ಮೀನು, ಅದು ಬೇರೆಯೇ ಜಾತಿ. ನಮ್ಮ ಗೇಟಿನ ಹತ್ತಿರ ಬೆಳಿಗ್ಗೆ ಹತ್ತೂವರೆಗೆ ಹಾರ್ನ್ ಹೊಡೆಯುವ ಸ್ಕೂಟರಿನ ಪೆಟ್ಟಿಗೆಯಲ್ಲಿ ಇರುವುದು ಬೈಗೆ, ಬಂಗುಡೆ, ಅದೃಷ್ಟ ಇದ್ದರೆ ನಾಲ್ಕು ನಂಗು. (ಮಂಗಳೂರಿನವರು ಬೂತಾಯಿ ಅನ್ನುವುದನ್ನೇ ನಾವು ಬೈಗೆ ಅಂತೇವೆ, ಕಾರವಾರದ ಕಡೆಯವರಿಗೆ ಅದು ತಾರ್ಲೆ, ಇಂಗ್ಲಿಷಿನಲ್ಲಿ ಸಾರ್ಡೀನ್.) ಆ ಫೋಟೋ ನೋಡಿದ ಎಷ್ಟೋ ಜನ ಇದು ನಮಗೆ ಹೇಳಿದ್ದಲ್ಲ ಅಂತ ಪುಟ ತಿರುಗಿಸಿರುತ್ತಾರೆ. ಎರಡು ವರ್ಷದ ಹಿಂದೆ ಆಗಿದ್ದರೆ ನಾನೂ ತಿರುಗಿಸುತ್ತಿದ್ದೆ.

ನಾನು ಡಾಕ್ಟರಲ್ಲ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತಳಾದವಳು. ಮನೆಯಲ್ಲಿ 79 ವರ್ಷದ ಅತ್ತೆ ಇದ್ದಾರೆ. ಈ ಪತ್ರ ಅವರ ಊಟದ ತಟ್ಟೆಯ ಬಗ್ಗೆ, ಮತ್ತೆ ಆ ತಟ್ಟೆಗೆ ಬಡಿಸುತ್ತಿದ್ದ ನನ್ನ ಬಗ್ಗೆ.

ನಮ್ಮ ಮನೆಯಲ್ಲಿ ಮೀನು ಇಲ್ಲದ ದಿನ ಕಡಿಮೆ. ಸೋಮವಾರ, ಶನಿವಾರ, ಸಂಕಷ್ಟಿ ಬಿಟ್ಟರೆ ಉಳಿದ ದಿನ ಮಧ್ಯಾಹ್ನ ಮೀನು ಸಾರು ಇದ್ದೇ ಇರುತ್ತದೆ. ಹಾಗಾಗಿ ಯಾರಾದರೂ ನಿಮ್ಮತ್ತೆ ಮೀನು ತಿಂತಾರಾ ಅಂತ ಕೇಳಿದ್ದರೆ ‘ದಿನಾ ತಿಂತಾರೆ’ ಅಂತಲೇ ಹೇಳುತ್ತಿದ್ದೆ. ನಿಜ ಏನೆಂದರೆ ಅವರು ತಿನ್ನುತ್ತಿದ್ದದ್ದು ಮೀನಿನ ಸಾರು. ಮೀನಲ್ಲ. ಬಡಿಸಲು ಸೌಟು ಎತ್ತಿದ ಕೂಡಲೇ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದರು. “ನಂಗ್ ಸಾರ್ ಸಾಕ್ ಮಾರಾಯ್ತಿ, ಮೀನ್ ಮಕ್ಳಿಗ್ ಹಾಕ್.” ನಾನೂ ಹಾಕುತ್ತಿದ್ದೆ. ಹೋಳು ಮಕ್ಕಳಿಗೆ, ಮೊಮ್ಮಕ್ಕಳಿಗೆ, ಗಂಡಸರಿಗೆ. ಅವರಿಗೆ ಒಂದು ತಲೆ, ಒಂದು ಬಾಲ, ಮೇಲೆ ಎರಡು ಸೌಟು ಸಾರು. ಅನ್ನ ಕೆಂಪಗೆ ಕಾಣುತ್ತಿತ್ತಲ್ಲ, ಅಷ್ಟಕ್ಕೇ ಅತ್ತೆ ಮೀನೂಟ ಮಾಡಿದರು ಅಂತ ನನ್ನ ಲೆಕ್ಕ. ಎಷ್ಟು ವರ್ಷ ಹೀಗೆ ನಡೆಯಿತೋ. ನಮ್ಮ ಕಡೆ ಬಹಳ ಮನೆಗಳಲ್ಲಿ ಇದೇ ಕತೆ, ನೀವು ಊಟದ ಹೊತ್ತಿಗೆ ಹೋಗಿ ನೋಡಿ ಬೇಕಾದರೆ.

ಮೊದಲು ಕಾಣಿಸಿದ್ದು ಸಣ್ಣ ಸಣ್ಣ ವಿಷಯಗಳು. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲು ಮೊಮ್ಮಗನನ್ನು ಕರೆಯುತ್ತಿದ್ದರು. ಒಗೆದ ಸೀರೆ ಹಿಂಡಿದರೂ ನೀರು ಸುರಿಯುತ್ತಿತ್ತು. ಆಮೇಲೆ ಜಗಲಿಯ ಕುರ್ಚಿಯಿಂದ ಏಳುವಾಗ ಎರಡೂ ಕೈ ಊರಿ, ಒಮ್ಮೆ ಹಿಂದೆ ಮುಂದೆ ತೂಗಿ, “ಏಳೂಕ್ ಆತಿಲ್ಲೆ” ಅಂತ ಮತ್ತೆ ಕೂರುವುದು ಶುರುವಾಯಿತು. ಒಬ್ಬ ಡಾಕ್ಟರಿಗೆ ತೋರಿಸಿದೆವು. “ವಯಸ್ಸಾಯ್ತಲ್ಲ ಅಮ್ಮ” ಅಂತ ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟರು. ನಮಗೂ ಅದೇ ಸರಿ ಅನ್ನಿಸಿತು, ವಯಸ್ಸಾಗಿದ್ದು ಸುಳ್ಳೇನಲ್ಲವಲ್ಲ. ಅದೇ ಮಳೆಗಾಲ ಅವರು ಬಚ್ಚಲಲ್ಲಿ ಜಾರಿ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಆದರೆ ಸೊಂಟ ನೋವು ಅಂತ ಹತ್ತು ಹನ್ನೆರಡು ದಿನ ಹಾಸಿಗೆಯಲ್ಲೇ ಇದ್ದರು ನೋಡಿ, ಆಮೇಲೆ ಎದ್ದವರು ಬೇರೆಯೇ ಮನುಷ್ಯರಾಗಿದ್ದರು. ಕಾಲು ಕೋಲಿನ ಹಾಗೆ ಆಗಿತ್ತು. ಮೀನಖಂಡವನ್ನು ನನ್ನ ಎರಡು ಕೈಯ ಹೆಬ್ಬೆರಳು ತೋರುಬೆರಳಿಂದ ಸುತ್ತು ಹಿಡಿದರೆ ಬೆರಳು ಬೆರಳು ಮುಟ್ಟಿ ಇನ್ನೂ ಜಾಗ ಉಳಿಯುತ್ತಿತ್ತು.

ಎರಡನೇ ಡಾಕ್ಟರು, ಚಿಕ್ಕ ವಯಸ್ಸಿನ ಹುಡುಗಿ, ಎಕ್ಸ್‌ರೇ ನೋಡುವ ಮೊದಲು ಒಂದು ಕುರ್ಚಿ ಎಳೆದು ಹಾಕಿದಳು. “ಅಜ್ಜಿ, ಕೈ ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂತ್ಕೊಳ್ಳಿ ಕಾಣುವ” ಅಂದಳು. ಮೊಬೈಲಿನಲ್ಲಿ ಸಮಯ ನೋಡಿದಳು. ಏಷ್ಯಾದವರಿಗೆ 2019ರಲ್ಲಿ ತಜ್ಞರು ಹಾಕಿಕೊಂಡ ಲೆಕ್ಕದ ಪ್ರಕಾರ ಐದು ಸಲಕ್ಕೆ 12 ಸೆಕೆಂಡಿಗಿಂತ ಕಡಿಮೆ ಹಿಡಿಯಬೇಕಂತೆ. ಅತ್ತೆ ಮೂರು ಸಲ ಎದ್ದರು, ನಾಲ್ಕನೆಯದಕ್ಕೆ ನನ್ನ ಭುಜ ಹಿಡಿದರು. ಆಗಲೇ ಗಡಿಯಾರ ಅರ್ಧ ನಿಮಿಷ ದಾಟಿತ್ತು. ಮತ್ತೆ ಕೈಯಲ್ಲಿ ಒಂದು ಯಂತ್ರ ಕೊಟ್ಟು ಹಿಸುಕಲು ಹೇಳಿದಳು. ಹೆಂಗಸರಿಗೆ 18 ಕಿಲೋ, ಗಂಡಸರಿಗೆ 28 ಕಿಲೋ ಒತ್ತಡ ಬರಬೇಕು. ಅತ್ತೆಯದು 11. ಆಮೇಲೆ ಅವಳು ಕೇಳಿದ ಮೊದಲ ಪ್ರಶ್ನೆ, “ಇವರು ಊಟಕ್ಕೆ ಏನು ತಿಂತಾರೆ?”

ನಾನು ಜಂಬದಿಂದ ‘ದಿನಾ ಮೀನು’ ಅಂದೆ. “ಎಷ್ಟು ಹೋಳು?” ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ವಯಸ್ಸಾದಂತೆ ಸ್ನಾಯು ಕರಗಿ ಬಲ ಕುಗ್ಗುವ ಈ ತೊಂದರೆಗೆ ಸಾರ್ಕೋಪೀನಿಯಾ ಅಂತ ಹೆಸರು. ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಅನ್ನುವ ವಿಜ್ಞಾನಿ 1989ರಲ್ಲಿ ಗ್ರೀಕ್ ಭಾಷೆಯ ಮಾಂಸ, ಕೊರತೆ ಅನ್ನುವ ಎರಡು ಪದ ಸೇರಿಸಿ ಇಟ್ಟದ್ದು. ಹೆಸರಿಲ್ಲದ ಕಾಯಿಲೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅನ್ನುವುದು ಅವರ ಯೋಚನೆ. ಆದರೂ ಅಮೆರಿಕದ ರೋಗಗಳ ಪಟ್ಟಿಯಲ್ಲಿ ಅದಕ್ಕೆ ಸ್ವಂತ ಸಂಖ್ಯೆ ಸಿಕ್ಕಿದ್ದು 2016ರಲ್ಲಿ. ನಮ್ಮಲ್ಲಿ ಇನ್ನೂ ಅದಕ್ಕೆ ‘ವಯಸ್ಸಾಯ್ತು’ ಅಂತಲೇ ಹೆಸರು. ಮೂವತ್ತು ನಲವತ್ತು ದಾಟಿದ ಮೇಲೆ ಎಲ್ಲರಿಗೂ ಹತ್ತು ವರ್ಷಕ್ಕೆ ನೂರಕ್ಕೆ ಮೂರರಿಂದ ಎಂಟರಷ್ಟು ಸ್ನಾಯು ಕರಗುತ್ತದೆ, ಅರವತ್ತರ ಮೇಲೆ ಇನ್ನೂ ಜೋರು. ಮಲಗಿಬಿಟ್ಟರಂತೂ ಕೇಳುವುದೇ ಬೇಡ. ಆರೋಗ್ಯವಾಗಿದ್ದ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿ ಇರಿಸಿ ನೋಡಿದ ಒಂದು ಅಧ್ಯಯನ 2007ರಲ್ಲಿ ಬಂದಿತ್ತು, ಕಾಲಿನಿಂದ ಸುಮಾರು ಒಂದು ಕಿಲೋ ಮಾಂಸ ಹೋಗಿತ್ತು. ಅತ್ತೆಯ ಕಾಲು ಯಾಕೆ ಹಾಗಾಯಿತು ಅಂತ ನನಗೆ ಅರ್ಥವಾಗಿದ್ದು ಅದನ್ನು ಓದಿದ ಮೇಲೆ.

ಮನೆಗೆ ಬಂದು ಲೆಕ್ಕ ಹಾಕಲು ಕೂತೆ, ಹಳೇ ಚಾಳಿ. ಒಂದು ನೋಟ್‌ಪುಸ್ತಕದಲ್ಲಿ ಅತ್ತೆ ತಿಂದದ್ದೆಲ್ಲ ಮೂರು ದಿನ ಬರೆದೆ. ಬೆಳಿಗ್ಗೆ ಚಾ, ಎರಡು ಟೋಸ್ಟ್. ಹತ್ತು ಗಂಟೆಗೆ ಗಂಜಿ, ಉಪ್ಪಿನಕಾಯಿ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಒಂಚೂರು ಪಲ್ಯ. ಸಂಜೆ ಮತ್ತೆ ಚಾ, ಬಿಸ್ಕತ್ತು. ರಾತ್ರಿ ಮಜ್ಜಿಗೆ ಅನ್ನ. ಹೊಟ್ಟೆ ತುಂಬುತ್ತಿತ್ತು, ಅದರಲ್ಲಿ ಅನುಮಾನ ಇಲ್ಲ. ಆದರೆ ಪ್ರೋಟೀನು ಕೂಡಿಸಿದರೆ ದಿನಕ್ಕೆ 25 ಗ್ರಾಂ ದಾಟಲಿಲ್ಲ, ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಅಕ್ಕಿಯಿಂದ ಬಂದದ್ದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ್ದು ಆರೋಗ್ಯವಂತ ದೊಡ್ಡವರಿಗೆ ದೇಹದ ತೂಕದ ಒಂದೊಂದು ಕಿಲೋಗೆ 0.83 ಗ್ರಾಂ ಪ್ರೋಟೀನು. 65 ದಾಟಿದವರಿಗೆ ಅದು ಸಾಲದು, ಕಿಲೋಗೆ 1ರಿಂದ 1.2 ಗ್ರಾಂ ಬೇಕು ಅಂತ 2013ರಲ್ಲಿ ಒಂದು ಅಂತರರಾಷ್ಟ್ರೀಯ ತಜ್ಞರ ತಂಡ ಹೇಳಿದೆ. ಅತ್ತೆ 44 ಕಿಲೋ. ಅಂದರೆ 44ರಿಂದ 53 ಗ್ರಾಂ. ನಾನು ಕೊಡುತ್ತಿದ್ದದ್ದು ಅದರ ಅರ್ಧ. ಬ್ಯಾಂಕಿನಲ್ಲಿ ಹತ್ತು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ಎಂಟರ ತನಕ ಕೂತು ಹುಡುಕುತ್ತಿದ್ದವಳು, ಮನೆಯಲ್ಲಿ ಇಷ್ಟು ದೊಡ್ಡ ಕೊರತೆ ಕಾಣಲಿಲ್ಲ ನನಗೆ.

ವಯಸ್ಸಾದವರಿಗೆ ಕಡಿಮೆ ಸಾಕು ಅಂತ ನಾವೆಲ್ಲ ಅಂದುಕೊಂಡಿದ್ದೇವಲ್ಲ, ಅದು ಅನ್ನಕ್ಕೆ ಸರಿ ಇರಬಹುದು. ಸ್ನಾಯುವಿಗೆ ಉಲ್ಟಾ. ಹರೆಯದವರ ಸ್ನಾಯು ಸ್ವಲ್ಪ ಪ್ರೋಟೀನು ಸಿಕ್ಕಿದರೂ ಬೆಳೆಯುತ್ತದೆ. ಮುದಿ ಸ್ನಾಯು ಅಷ್ಟಕ್ಕೆ ಏಳುವುದಿಲ್ಲ, ಕಿವಿ ಮಂದ ಆದವರನ್ನು ಜೋರಾಗಿ ಕೂಗಬೇಕಲ್ಲ ಹಾಗೆ. ಒಂದೊಂದು ಊಟದಲ್ಲಿ ಇಪ್ಪತ್ತು ಇಪ್ಪತ್ತೈದು ಗ್ರಾಂ ಒಟ್ಟಿಗೆ ಹೋದರೆ ಒಳ್ಳೆಯದು. ಹಾಗೆ ಕೂಗಿ ಎಬ್ಬಿಸುವ ಕೆಲಸ ಮುಖ್ಯವಾಗಿ ಪ್ರೋಟೀನಿನೊಳಗಿನ ಲ್ಯೂಸಿನ್ ಅನ್ನುವ ಒಂದು ಅಂಶದ್ದು, ಅದು ಮೀನಿನಲ್ಲಿ ಚೆನ್ನಾಗಿಯೇ ಇದೆ. ಮೀನಿನ ಮಾಂಸ ನೂರು ಗ್ರಾಂ ತಿಂದರೆ ಸುಮಾರು 20 ಗ್ರಾಂ ಪ್ರೋಟೀನು. ಮುಳ್ಳು ತಲೆ ಎಲ್ಲ ಕಳೆದು ನಾಲ್ಕು ಒಳ್ಳೆ ಬೈಗೆ, ಇಲ್ಲ ಮಧ್ಯಮ ಗಾತ್ರದ ಎರಡು ಬಂಗುಡೆ ಅಂದರೆ ಹತ್ತಿರ ಹತ್ತಿರ ಅಷ್ಟಾಯಿತು. ಮೆತ್ತಗಿರುತ್ತದೆ, ಕೋಳಿ ಕುರಿಯ ಹಾಗೆ ಜಗಿಯುವ ಕಷ್ಟ ಇಲ್ಲ, ಬೇಗ ಜೀರ್ಣವಾಗುತ್ತದೆ. ಅದರ ಜೊತೆಗೆ ವಯಸ್ಸಾದವರಲ್ಲಿ ಕಡಿಮೆಯಾಗುವ ವಿಟಮಿನ್ ಬಿ12, ವಿಟಮಿನ್ ಡಿ ಕೂಡ ಇದೆ. ಸಾರಿನಲ್ಲಿ ಇರುವುದು ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆ ಹುಳಿ, ತೆಂಗಿನಕಾಯಿ. ರುಚಿಗೆ ಅದು ಬೇಕು, ನಾನೇನು ಬೇಡ ಅನ್ನಲಿಲ್ಲ. ಆದರೆ ಅದನ್ನು ಉಂಡು ಕಾಲಿಗೆ ಬಲ ಬರುವುದಿಲ್ಲ.

ಸರಿ, ಮರುದಿನದಿಂದ ಹೋಳು ಹಾಕಿದೆ. ಅತ್ತೆ ತಿನ್ನಲಿಲ್ಲ! ಆಗ ಗೊತ್ತಾಯಿತು, ‘ಮಕ್ಳಿಗ್ ಹಾಕ್’ ಅನ್ನುವುದು ಬರೀ ಪ್ರೀತಿಯ ಮಾತಲ್ಲ ಅಂತ. ಅವರಿಗೆ ಕೆಳಗಿನ ಹಲ್ಲು ಇಲ್ಲ, ಸೆಟ್ ಹಾಕಿಕೊಂಡರೆ ಒಸಡು ನೋವು. ಕಣ್ಣಿನ ಪೊರೆ ತೆಗೆಸಿದ್ದರೂ ಸಣ್ಣ ಮುಳ್ಳು ಕಾಣುವುದಿಲ್ಲ. ಬೆರಳ ತುದಿಗೂ ಮೊದಲಿನ ಸೂಕ್ಷ್ಮ ಇಲ್ಲ. ಮುಳ್ಳು ಗಂಟಲಿಗೆ ಸಿಕ್ಕಿದರೆ ಎಲ್ಲರೆದುರು ಕೆಮ್ಮಿ ರಾದ್ಧಾಂತ ಆಗುತ್ತದೆ ಅನ್ನುವ ನಾಚಿಕೆ. ಇದನ್ನು ಯಾರ ಹತ್ತಿರ ಹೇಳುವುದು? ಹೇಳುವುದಕ್ಕಿಂತ ಸಾರು ಸಾಕು ಅನ್ನುವುದು ಸುಲಭ. ಒಂದು ಕಾಲಕ್ಕೆ ಇವರೇ ಮೆಟ್ಟುಗತ್ತಿಯ ಮುಂದೆ ಕೂತು ಒಂದು ಬುಟ್ಟಿ ಬೈಗೆಯನ್ನು ಕಣ್ಣು ಮುಚ್ಚಿ ತೆಗೆಯುವಷ್ಟು ಬೇಗ ಚೊಕ್ಕ ಮಾಡುತ್ತಿದ್ದವರು.

ಈಗ ನಾನು ಮಾಡುವುದು ಇಷ್ಟು. ಬೈಗೆಯನ್ನು ಹುಳಿ ಖಾರ ಹಾಕಿ ಕುಕ್ಕರಿನಲ್ಲಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಇಡುತ್ತೇನೆ. ಮುಳ್ಳು ಮೆತ್ತಗಾಗಿ ಬೆರಳಲ್ಲಿ ಒತ್ತಿದರೆ ಹುಡಿಯಾಗುತ್ತದೆ, ನಡು ಮುಳ್ಳು ಸಮೇತ ತಿನ್ನಬಹುದು. ಸುಣ್ಣದಂಶವೂ ಹೊಟ್ಟೆಗೆ ಹೋಯಿತು. ಪುಳಿಮುಂಚಿಯ ತಂಗಿ ಅಂತ ಇಟ್ಟುಕೊಳ್ಳಿ, ಮಂಗಳೂರಿನವರು ಬೈಯಬೇಡಿ. ಬಂಗುಡೆಯಾದರೆ ನಾನೇ ಮಾಂಸ ಬಿಡಿಸಿ, ಬಿಡಿಸಿದ್ದನ್ನು ಮತ್ತೊಮ್ಮೆ ಬೆರಳಲ್ಲಿ ಹಿಚುಕಿ ನೋಡಿ, ಸಾರಿನಲ್ಲೇ ಕಲಸಿ ಕೊಡುತ್ತೇನೆ. ಎಲ್ಲರ ಎದುರಿಗೆ ಮಾಡುವುದಿಲ್ಲ, ಅಡುಗೆಮನೆಯಲ್ಲೇ ಮಾಡಿ ತರುತ್ತೇನೆ, ಮಗುವಿಗೆ ಉಣಿಸಿದ ಹಾಗೆ ಕಂಡರೆ ಅವರಿಗೆ ಬೇಜಾರು. ಕಾಣೆ, ನಂಗು ಸಿಕ್ಕಿದ ದಿನ ಅವರಿಗೆ ಹಬ್ಬ, ನಡುವಿನ ಮುಳ್ಳು ಒಂದು ಎಳೆದರೆ ಮುಗಿಯಿತು. ಇಷ್ಟಾದರೂ ಮುಳ್ಳು ಸಿಕ್ಕಿದರೆ ಅನ್ನದ ಉಂಡೆ ನುಂಗಿಸುವ ಹಳೇ ಉಪಾಯ ಬೇಡ, ಇನ್ನೂ ಒಳಗೆ ಚುಚ್ಚಿಕೊಳ್ಳಬಹುದು, ಡಾಕ್ಟರ ಹತ್ತಿರ ಹೋಗಿ. ಬೆಳಗಿನ ತಿಂಡಿಗೆ ನಿನ್ನೆಯ ಸಾರು ಬಿಸಿ ಮಾಡಿ ನೀರುದೋಸೆಗೆ ಹಾಕುತ್ತೇವೆ. ಕುದಿದು ಗಟ್ಟಿಯಾದ ಹಳೇ ಸಾರಿನ ರುಚಿ ಕರಾವಳಿಯವರಿಗೆ ನಾನು ಹೇಳಬೇಕಾ? ಈಗ ಅದರಲ್ಲೂ ಎರಡು ಮೀನು ಎತ್ತಿಟ್ಟಿರುತ್ತೇನೆ. ಹೀಗೆ ಬೆಳಿಗ್ಗೆ ಎರಡು, ಮಧ್ಯಾಹ್ನ ನಾಲ್ಕು, ಸಂಜೆ ಬಿಸ್ಕತ್ತಿನ ಬದಲು ಒಂದು ಲೋಟ ಹಾಲು, ರಾತ್ರಿ ಗಂಜಿಯ ಜೊತೆ ಒಂದು ಮೊಟ್ಟೆ ಇಲ್ಲ ಹೆಸರುಕಾಳು. ನೋಟ್‌ಪುಸ್ತಕದಲ್ಲಿ 50 ಗ್ರಾಂ ಮುಟ್ಟಿತು.

ಇನ್ನೊಂದು ಅಡ್ಡಿ ಇದೆ, ನಂಜು. ಗಾಯ ಆದರೆ, ಆಪರೇಷನ್ ಆದರೆ, ಹೊಲಿಗೆ ಹಾಕಿದರೆ ನಮ್ಮಲ್ಲಿ ಮೊದಲು ನಿಲ್ಲಿಸುವುದೇ ಮೀನು. ಅತ್ತೆ ಬಿದ್ದಾಗಲೂ ನೆರೆಮನೆಯವರು ಬಂದು ‘ಬಂಗುಡೆ ಮುಟ್ಟಿಸಬೇಡ, ನಂಜು’ ಅಂತ ಹೇಳಿ ಹೋದರು, ನಾನು ಹದಿನೈದು ದಿನ ಬರೀ ಗಂಜಿ, ಬೇಳೆ ತಿಳಿ ಕೊಟ್ಟೆ. ದೇಹ ಹರಿದದ್ದನ್ನು ಹೊಲಿದುಕೊಳ್ಳಲು ಪ್ರೋಟೀನಿಗಾಗಿ ಒದ್ದಾಡುವ ಹೊತ್ತಿಗೇ ಅದನ್ನು ನಿಲ್ಲಿಸಿದ್ದು ಎಂಥ ತಮಾಷೆ. ನಂಜು ಅನ್ನುವ ಮಾತಿಗೆ ಬುಡ ಇಲ್ಲ ಅಂತ ನಾನು ಹೇಳುವುದಿಲ್ಲ. ಬಂಗುಡೆ, ಬೈಗೆಯಂಥ ಮೀನನ್ನು ಐಸಿಲ್ಲದೆ ಬಿಸಿಲಲ್ಲಿ ಇಟ್ಟರೆ ಅದರಲ್ಲಿ ಹಿಸ್ಟಮಿನ್ ಅನ್ನುವುದು ಹುಟ್ಟಿಕೊಳ್ಳುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ, ತಿಂದವರ ಮೈ ಕೆಂಪಾಗಿ ತುರಿಸುತ್ತದೆ. ಐಸ್ ಪೆಟ್ಟಿಗೆ ಇಲ್ಲದ ಕಾಲದಲ್ಲಿ ಇಂಥದ್ದು ಕಂಡೇ ಹಿರಿಯರು ಹಾಗೆ ಹೇಳಿರಬೇಕು ಅಂತ ನನಗನ್ನಿಸುತ್ತದೆ. ಹಾಗಾದರೆ ಬಿಡಬೇಕಾದದ್ದು ಹಾಳಾದ ಮೀನನ್ನು, ಮೀನನ್ನೇ ಅಲ್ಲ. ಕಿವಿರು ಎತ್ತಿ ನೋಡಿ ಕೆಂಪಿದ್ದರೆ, ಕಣ್ಣು ಹೊಳೆಯುತ್ತಿದ್ದರೆ ತಗೊಳ್ಳಿ, ಇಲ್ಲದಿದ್ದರೆ ಸ್ಕೂಟರಿನ ಅಕ್ಕನಿಗೆ ನಾಳೆ ಬಾ ಅನ್ನಿ. ಅವಳೂ ಬೇಜಾರು ಮಾಡಿಕೊಳ್ಳುವುದಿಲ್ಲ, ಗಂಗೊಳ್ಳಿ ಬಂದರಿನಿಂದ ಬಂದದ್ದು ಯಾವುದು, ನಿನ್ನೆ ಉಳಿದದ್ದು ಯಾವುದು ಅಂತ ಕೇಳಿದರೆ ನಮ್ಮ ಅಕ್ಕ ನಿಜವೇ ಹೇಳುತ್ತಾಳೆ.

ಬಾಣಂತಿಗೆ ಮರಿ ತಾಟೆ ಮೀನಿನ ಸಾರು ಒಳ್ಳೆಯದು ಅಂತ ನಮ್ಮೂರಿನ ಹೆಂಗಸರಿಗೆಲ್ಲ ಗೊತ್ತು. ಎಷ್ಟು ದಿನ ಕೊಡಬೇಕು, ಹೇಗೆ ಮಾಡಬೇಕು ಎಲ್ಲ ಬಾಯಿಪಾಠ. ಮುದುಕರಿಗೆ ಯಾವ ಮೀನು ಅಂತ ಕೇಳಿ ನೋಡಿ, ಯಾರಿಗೂ ಗೊತ್ತಿಲ್ಲ.

ಬೆಂಗಳೂರಿನಲ್ಲಿರುವ ನನ್ನ ನಾದಿನಿಗೆ ಈ ಮೀನು ಬಿಡಿಸುವ ಕತೆಯೆಲ್ಲ ಕೇಳಿ ತಾಳ್ಮೆ ತಪ್ಪಿತು. “ಅಷ್ಟೆಲ್ಲ ಯಾಕೆ ಅತ್ತಿಗೆ, ಮೀನೆಣ್ಣೆ ಕ್ಯಾಪ್ಸೂಲ್ ಕಳಿಸ್ತೇನೆ” ಅಂತ ಎರಡು ಡಬ್ಬಿ ಕಳಿಸಿದಳು. ನಿಮ್ಮ ಲೇಖನದಲ್ಲೂ ಮೀನೆಣ್ಣೆಯಲ್ಲಿರುವ ಒಮೆಗಾ-3 ಅನ್ನುವ ಕೊಬ್ಬು ಸ್ನಾಯು ಬೆಳೆಸುತ್ತದೆ ಅಂತ ಒಂದು ಸಾಲು ಇತ್ತು. ಅದು ಎಲ್ಲಿಂದ ಬಂದದ್ದು ಅಂತ ಹುಡುಕಿದೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 60ರಿಂದ 85 ವರ್ಷದವರಿಗೆ ಆರು ತಿಂಗಳು ಒಮೆಗಾ-3 ಕೊಟ್ಟು ನೋಡಿ, ತೊಡೆಯ ಸ್ನಾಯುವೂ ಕೈಯ ಹಿಡಿತವೂ ಸ್ವಲ್ಪ ಹೆಚ್ಚಿತು ಅಂತ 2015ರಲ್ಲಿ ಬರೆದಿದ್ದಾರೆ. ಸರಿ, ಆದರೆ ಕೊಟ್ಟದ್ದು ಎಷ್ಟು? ಒಮೆಗಾ-3ರಲ್ಲಿ ಇಪಿಎ, ಡಿಎಚ್‌ಎ ಅಂತ ಎರಡು ಬಗೆ, ಎರಡೂ ಸೇರಿ ದಿನಕ್ಕೆ ಮೂರು ಗ್ರಾಂಗಿಂತ ಜಾಸ್ತಿ. ನಾದಿನಿ ಕಳಿಸಿದ ಕ್ಯಾಪ್ಸೂಲಿನಲ್ಲಿ ಎರಡೂ ಸೇರಿ ಇರುವುದು 300 ಮಿಲಿಗ್ರಾಂ. ಅಂದರೆ ದಿನಕ್ಕೆ ಹನ್ನೊಂದು ನುಂಗಬೇಕು! ಡಬ್ಬಿ ವಾರವೂ ಬರುವುದಿಲ್ಲ. ಇನ್ನೊಂದು ಕಡೆ, ಯುರೋಪಿನ ಐದು ದೇಶಗಳಲ್ಲಿ 70 ದಾಟಿದ 2,157 ಜನರನ್ನು ಮೂರು ವರ್ಷ ನೋಡಿಕೊಂಡ ಡೂ-ಹೆಲ್ತ್ ಅನ್ನುವ ಅಧ್ಯಯನದಲ್ಲಿ ಕೆಲವರಿಗೆ ದಿನಕ್ಕೆ ಒಂದು ಗ್ರಾಂ ಒಮೆಗಾ-3 ಕೊಟ್ಟಿದ್ದರು. 2020ರಲ್ಲಿ ಫಲಿತಾಂಶ ಬಂತು, ಕಾಲಿನ ಬಲಕ್ಕೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಎಣ್ಣೆಯ ವಿಷಯ ಹೀಗೆ ಅತ್ತ ಇತ್ತ ತೂಗುತ್ತಿದೆ. ಮೀನು ತಿಂದರೆ ಎಣ್ಣೆಯ ಜೊತೆಗೆ ಪ್ರೋಟೀನೂ ಸಿಗುತ್ತದಲ್ಲ, ಕ್ಯಾಪ್ಸೂಲಿನಲ್ಲಿ ಅದು ಎಲ್ಲಿದೆ? ನಿಮ್ಮ ಲೇಖನ ಹೇಳಬೇಕಾದ್ದು ಅಲ್ಲಿತ್ತು.

ಈ ಕ್ಯಾಪ್ಸೂಲಿನ ವಿಷಯದಲ್ಲಿ ಒಂದು ಹೊಟ್ಟೆಯುರಿ ಹೇಳಿಬಿಡುತ್ತೇನೆ. ಬೈಗೆ ರಾಶಿ ರಾಶಿ ಬಿದ್ದ ವರ್ಷ ನಮ್ಮ ಕರಾವಳಿಯಲ್ಲಿ ಅದು ಲಾರಿ ತುಂಬಿ ಹೋಗುವುದು ಫಿಶ್‌ಮೀಲ್ ಕಾರ್ಖಾನೆಗೆ. ಹಿಂಡಿ ಎಣ್ಣೆ ತೆಗೆದು, ಉಳಿದದ್ದನ್ನು ಒಣಗಿಸಿ ಹುಡಿ ಮಾಡಿ ಸಾಕಿದ ಸಿಗಡಿಗೆ, ಕೋಳಿಗೆ ಆಹಾರ. ಅಂಜಲಿನಂಥ ದೊಡ್ಡ ಮೀನಿಗಿಂತ ಬೈಗೆ ಬಹಳ ಅಗ್ಗ. ಆದರೂ ನೆಂಟರು ಬಂದರೆ ಬೈಗೆ ಮಾಡಲು ನಮಗೆ ಮರ್ಯಾದೆ ಅಡ್ಡ. ಮಳೆಗಾಲ ಮುಗಿದ ಮೇಲೆ ಸಿಗುವ, ಕಾವಲಿಗೆ ಹಾಕಿದರೆ ತನ್ನದೇ ಎಣ್ಣೆ ಬಿಡುವ ಆ ಕೊಬ್ಬಿದ ಬೈಗೆ ಇದೆಯಲ್ಲ, ಅದರಲ್ಲಿರುವುದು ಆ ಡಬ್ಬಿಯಲ್ಲಿರುವ ಒಮೆಗಾ-3ಯೇ. ದೊಡ್ಡ ಮೀನುಗಳಲ್ಲಿ ಸೇರಿಕೊಳ್ಳುವ ಪಾದರಸದ ಹೆದರಿಕೆಯೂ ಇಂಥ ಸಣ್ಣ ಮೀನಿನಲ್ಲಿ ಕಡಿಮೆ.

ಇಷ್ಟು ಓದಿ ಮೀನು ತಿನ್ನಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ಯಾರಾದರೂ ಅಂದುಕೊಂಡರೆ ಅದು ನನ್ನ ತಪ್ಪು. ನಾನೂ ಮೊದಲ ಎರಡು ತಿಂಗಳು ಹಾಗೇ ಅಂದುಕೊಂಡಿದ್ದೆ. ಅತ್ತೆಯ ಮುಖಕ್ಕೆ ಕಳೆ ಬಂತು, ತೂಕ ಒಂದು ಕಿಲೋ ಏರಿತು. ಕುರ್ಚಿಯಿಂದ ಏಳುವುದು ಮಾತ್ರ ಹಾಗೇ. ಡಾಕ್ಟರ ಹುಡುಗಿ ಹೇಳಿದಳು, ಬೋಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ ನೂರು ಜನರ ಮೇಲೆ ನೋಡಿದ್ದಾರೆ, ಸರಾಸರಿ ವಯಸ್ಸು 87. ಕೆಲವರಿಗೆ ಪೌಷ್ಟಿಕ ಪಾನೀಯ, ಕೆಲವರಿಗೆ ಭಾರ ಎತ್ತುವ ವ್ಯಾಯಾಮ, ಕೆಲವರಿಗೆ ಎರಡೂ, ಇನ್ನು ಕೆಲವರಿಗೆ ಎರಡೂ ಇಲ್ಲ. ಹತ್ತು ವಾರದಲ್ಲಿ ವ್ಯಾಯಾಮ ಮಾಡಿದವರ ಕಾಲಿನ ಬಲ ಎರಡು ಪಟ್ಟಿಗಿಂತ ಜಾಸ್ತಿ ಆಯಿತು. ಬರೀ ಪಾನೀಯ ಕುಡಿದವರಿಗೆ ಏನೂ ಆಗಲಿಲ್ಲ. ಇದು 1994ರ ಮಾತು, ಮೂವತ್ತು ವರ್ಷ ಕಳೆಯಿತು.

ಅದನ್ನು ಕೇಳಿದ ಮೇಲೆ ನನಗೆ ಹೆರೆಮಣೆ ನೆನಪಾಯಿತು. ಅತ್ತೆ ದಿನಾ ಬೆಳಿಗ್ಗೆ ಹೆರೆಮಣೆಯ ಮೇಲೆ ಕೂತು ಎರಡು ಕಾಯಿ ತುರಿದು ಏಳುತ್ತಿದ್ದರು. ಮೀನು ಕೊಯ್ಯಲು ಹಿತ್ತಿಲಲ್ಲಿ ಕೂರುವುದು, ಏಳುವುದು. ಅಂಗಳ ಗುಡಿಸುವುದು, ಬಾವಿಯಿಂದ ನೀರು ಸೇದುವುದು. ಪಾಪ ಕಷ್ಟ ಆಗುತ್ತದೆ ಅಂತ ನಾವು ಒಂದೊಂದೇ ತಪ್ಪಿಸಿದೆವು. ಮೇಜಿಗೆ ಸಿಕ್ಕಿಸುವ ತುರಿಯುವ ಯಂತ್ರ ತಂದೆವು, ಮೀನನ್ನು ಅಕ್ಕನೇ ಕೊಯ್ದು ಕೊಡುತ್ತಾಳೆ, ಪಂಪ್ ಬಂತು, ಕಮೋಡ್ ಬಂತು, ಊಟಕ್ಕೂ ಮೇಜು. ಒಳ್ಳೆಯದಕ್ಕೇ ಮಾಡಿದ್ದು, ಅಲ್ವಾ? ಆದರೆ ಕೂತು ಏಳುವ ಕೆಲಸ ಅವರ ದಿನದಿಂದ ಪೂರ್ತಿ ಹೋಯಿತು. ಸ್ನಾಯು ಕೇಳುವುದು ಅಷ್ಟನ್ನೇ. ಈಗ ಬೆಳಿಗ್ಗೆ ಸಂಜೆ ಗೋಡೆಗೆ ಒತ್ತಿ ಇಟ್ಟ ಕುರ್ಚಿಯಿಂದ ಎಂಟು ಸಲ, ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಎಂಟು ಸಲ ಎದ್ದು ಕೂರುತ್ತಾರೆ. ಮೊಮ್ಮಗ ಎಣಿಸುತ್ತಾನೆ, ಏಳು ಆದ ಮೇಲೆ ಬೇಕೆಂತಲೇ ಮತ್ತೆ ಆರು ಅನ್ನುತ್ತಾನೆ, ಅತ್ತೆ ಬೈಯುತ್ತಾರೆ. ಒಂದು ಲೀಟರಿನ ನೀರಿನ ಬಾಟಲಿ ಎರಡು ಕೈಯಲ್ಲಿ ಹಿಡಿದು ಎತ್ತುತ್ತಾರೆ. ಹತ್ತು ತಿಂಗಳಾಯಿತು. ಐದು ಸಲ ಏಳಲು ಹೋದ ವಾರ ಹಿಡಿದದ್ದು 17 ಸೆಕೆಂಡು. ಹನ್ನೆರಡಕ್ಕೆ ಇನ್ನೂ ದೂರ. ಆದರೆ ಉಪ್ಪಿನಕಾಯಿ ಬಾಟಲಿ ತಾವೇ ತೆಗೆಯುತ್ತಾರೆ, ನಾವು ಮುಚ್ಚಿದ್ದು ಸಡಿಲವಾಯಿತು ಅಂತ ಬೈಗಳೂ ಇದೆ.

ಎಲ್ಲರಿಗೂ ಇದೇ ಲೆಕ್ಕ ನಡೆಯುವುದಿಲ್ಲ ಅನ್ನುವುದನ್ನೂ ಬರೆಯಬೇಕು. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಪ್ರೋಟೀನು ಹೆಚ್ಚಿಸಬಾರದು. ಯೂರಿಕ್ ಆಸಿಡ್ ಜಾಸ್ತಿ ಇದ್ದು ಹೆಬ್ಬೆರಳ ಗಂಟು ಊದುವವರಿಗೆ ಬೈಗೆ ಆಗಿಬರುವುದಿಲ್ಲ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ಕೇಳದೆ ಮೀನೆಣ್ಣೆ ಕ್ಯಾಪ್ಸೂಲು ನುಂಗಬಾರದು.

ಮೀನು ತಿನ್ನದ ಮನೆಯವರು ಇದು ನಮಗಲ್ಲ ಅಂತ ಪತ್ರಿಕೆ ಮಡಿಚಿಟ್ಟಿದ್ದರೆ ದಯವಿಟ್ಟು ಮತ್ತೆ ಬಿಡಿಸಿ. ತಟ್ಟೆಯ ಲೆಕ್ಕ ನಿಮ್ಮದೂ ಅದೇ. ಮುದುಕರಿಗೆ ತಿಳಿಸಾರು ಅನ್ನ ಹಾಕಿ, ಬೇಳೆ ಎಲ್ಲ ಪಾತ್ರೆಯ ತಳದಲ್ಲಿ ಉಳಿಸುವುದು ನಿಮ್ಮಲ್ಲೂ ಇದೆ. ನಮ್ಮ ಕಡೆ ಇನ್ನೊಂದು ಬಗೆಯವರಿದ್ದಾರೆ, ಅರವತ್ತು ಆದ ಮೇಲೆ, ಇಲ್ಲ ಕಾಶಿಗೆ ಹೋಗಿ ಬಂದ ಮೇಲೆ ‘ನಾನು ಮೀನು ಬಿಟ್ಟೆ’ ಅನ್ನುವವರು. ಅವರ ಭಕ್ತಿ ಅವರಿಗೆ, ಅದರಲ್ಲಿ ನನ್ನ ಮಾತೇನೂ ಇಲ್ಲ. ಆದರೆ ಅದು ಬಿಟ್ಟ ಜಾಗಕ್ಕೆ ಏನು ಬಂತು ಅಂತ ಮನೆಯವರು ನೋಡಬೇಕು. ಬಹಳ ಮನೆಗಳಲ್ಲಿ ಮೀನು ಹೋದ ಜಾಗಕ್ಕೆ ಬಂದದ್ದು ಟೊಮೆಟೊ ಸಾರು.

ಮೀನು ತಿನ್ನುವವರಿಗೂ ವರ್ಷ ಪೂರ್ತಿ ಮೀನಿಲ್ಲ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ. ಅದು ಬೇಕೇ ಬೇಕು, ಮೀನು ಮೊಟ್ಟೆ ಇಡುವ ಕಾಲ, ಆಗ ಬಲೆ ಬೀಸಿದರೆ ಮುಂದೆ ಯಾರಿಗೂ ಇಲ್ಲ. ನಾಡದೋಣಿಯವರು ತರುವ ನಾಲ್ಕು ಮೀನಿಗೆ ಚಿನ್ನದ ಬೆಲೆ. ಮೊದಲೆಲ್ಲ ಒಣಮೀನು ಸುಟ್ಟು ಗಂಜಿಗೆ ನಂಚಿಕೊಳ್ಳುತ್ತಿದ್ದರು, ಈಗ ಬಿಪಿ ಇದ್ದವರಿಗೆ ಅದರ ಉಪ್ಪು ಕಷ್ಟ, ನೀರಲ್ಲಿ ನೆನೆಸಿ ತೊಳೆದು ಒಂದು ತುಂಡು ಕೊಟ್ಟರೆ ಅಷ್ಟೇ. ನಿಮ್ಮಲ್ಲಿ ನನ್ನ ಬೇಡಿಕೆ ಏನೆಂದರೆ, ಮುಂದಿನ ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮುಂಚೆ, ನಿಮ್ಮ ಆರೋಗ್ಯ ಪುಟದಲ್ಲಿ ಈ ಎರಡು ತಿಂಗಳು ಹಿರಿಯರಿಗೆ ಏನು ಬಡಿಸಬಹುದು ಅಂತ ಕರಾವಳಿಯ ಆಹಾರ ತಜ್ಞರೊಬ್ಬರಿಂದ ಬರೆಸಿ. ನಮ್ಮ ಅಂಗಡಿಯಲ್ಲಿ ಸಿಗುವ ಸಾಮಾನಿನ ಹೆಸರು ಇರಲಿ. ಫೋಟೋಕ್ಕೆ ಸಾಲ್ಮನ್ ಬೇಡ.

ನಿಷೇಧ ಮುಗಿದು ದೋಣಿ ಇಳಿಯುವ ಹೊತ್ತಿಗೆ ನಮ್ಮಲ್ಲಿ ಸೋಣೆ ತಿಂಗಳು (ಸಿಂಹ ಮಾಸ). ಅತ್ತೆ ಆ ತಿಂಗಳು ಮೀನು ಮಾತ್ರ ಅಲ್ಲ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಕಳೆದ ವರ್ಷ ಹುರುಳಿ ಸಾರು, ಹೆಸರುಕಾಳು ಗಸಿ, ಕಡಲೆ, ಮೊಸರು ಅಂತ ಸುತ್ತಿ ಸುತ್ತಿ ಹಾಕಿ ಹೇಗೋ 40 ಗ್ರಾಂ ತನಕ ತಂದೆ. ಮೂರನೇ ವಾರಕ್ಕೆ ಅವರಿಗೆ ಕಾಳು ಕಂಡರೆ ಆಗದು, ಹೊಟ್ಟೆ ಉಬ್ಬರ. ಹಲ್ಲಿಲ್ಲದವರೂ ತಿನ್ನಬಹುದಾದ, ಹೊಟ್ಟೆ ಉಬ್ಬರಿಸದ, ಸೋಣೆ ತಿಂಗಳಿಗೆ ಆಗುವ ಅಡುಗೆ ಗೊತ್ತಿದ್ದವರು ಇದೇ ಅಂಕಣಕ್ಕೆ ಬರೆದರೆ ಉಪಕಾರ. ಉತ್ತರ ಕನ್ನಡದವರಿಗೆ ಗೊತ್ತಿರಬಹುದು ಅಂತ ಅತ್ತೆ ಹೇಳುತ್ತಿದ್ದಾರೆ, ಅವರ ತವರು ಹೊನ್ನಾವರ ಕಡೆ.

ಇತಿ,
ಕುಂದಾಪುರ ತಾಲ್ಲೂಕಿನ ಒಬ್ಬ ಓದುಗಳು